ಯುದ್ಧದಲ್ಲಿ ಸಾಯುವ ಜನರ ಬಗ್ಗೆ ನಮ್ಮ ಸರ್ಕಾರದ ನಿಲುವು ಏನು? ನೀವೇ ನೋಡಿ ತಿಳಿಯುವ ದಾರಿ

ಗಾಜಾದ ಸುದ್ದಿ ಬಂದಾಗೆಲ್ಲ ನಮ್ಮ ಮಂಗಳೂರು, ಉಡುಪಿಯ ವಾಟ್ಸಾಪ್ ಗ್ರೂಪುಗಳಲ್ಲಿ ಜಗಳ ಶುರುವಾಗುತ್ತದೆ. ಭಾರತ ಪ್ಯಾಲೆಸ್ತೀನಿನ ಕೈಬಿಟ್ಟಿತು ಅಂತ ಒಬ್ಬರು, ಇಲ್ಲ, ಇಸ್ರೇಲ್ ವಿರುದ್ಧವೇ ಓಟು ಹಾಕಿತು ಅಂತ ಇನ್ನೊಬ್ಬರು. ನಮ್ಮ ಊರಿನವರು ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ, ಗಲ್ಫಿನಲ್ಲೂ ಇದ್ದಾರೆ. ಇದು ದೂರದ ವಿಷಯ ಅಲ್ಲವೇ ಅಲ್ಲ. ಹಾಗಾಗಿ ಫಾರ್ವರ್ಡ್ ನಂಬಿ ಕೂರಬೇಡಿ.

ಮೊದಲು ಓಟು ನೋಡಿ, ಹೇಳಿಕೆ ಆಮೇಲೆ. ಹೇಳಿಕೆಯಲ್ಲಿ ಎಲ್ಲ ದೇಶಗಳೂ ಮರುಗುತ್ತವೆ. ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿಗೆ ಹೋಗಿ ಓಟಿಂಗ್ ಡೇಟಾ ತೆರೆದರೆ ಯಾವ ದೇಶ ಪರ, ಯಾವುದು ವಿರುದ್ಧ, ಯಾವುದು ತಟಸ್ಥ ಅಂತ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ.

ಒಂದೇ ಓಟು ಹಿಡಿದು ತೀರ್ಪು ಕೊಡಬೇಡಿ, ಸಾಲಾಗಿ ಇಟ್ಟು ನೋಡಿ. 2023ರ ಅಕ್ಟೋಬರ್ 27ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ, ಅಂದರೆ ಎಲ್ಲ ಸದಸ್ಯ ದೇಶಗಳೂ ಕೂರುವ ಸಭೆಯಲ್ಲಿ, ಗಾಜಾದ ನಾಗರಿಕರ ರಕ್ಷಣೆ ಬಗ್ಗೆ ಜೋರ್ಡಾನ್ ತಂದ ನಿರ್ಣಯಕ್ಕೆ ಭಾರತ ತಟಸ್ಥ ಉಳಿಯಿತು, ಆದರೆ ಗಾಜಾದ ಸಶಸ್ತ್ರ ಗುಂಪು ಹಮಾಸ್ ಇಸ್ರೇಲಿನ ಮೇಲೆ ಮಾಡಿದ ದಾಳಿಯನ್ನು ಹೆಸರು ಹಿಡಿದು ಖಂಡಿಸಬೇಕು ಎಂದು ಕೆನಡಾ ತಂದ ತಿದ್ದುಪಡಿಗೆ ಪರವಾಗಿ ಓಟು ಹಾಕಿತು. ಆ ತಿದ್ದುಪಡಿ ಬಿದ್ದುಹೋಯಿತು. ಡಿಸೆಂಬರ್ 12ರಂದು ಕದನವಿರಾಮ ಕೇಳಿದ 153 ದೇಶಗಳಲ್ಲಿ ಭಾರತವೂ ಇತ್ತು. 2024ರ ಡಿಸೆಂಬರಿನಲ್ಲೂ ಪರ. 2025ರ ಜೂನ್ 12ರಂದು ಕದನವಿರಾಮಕ್ಕೆ 149 ದೇಶಗಳು ಹೌದು ಎಂದಾಗ ಮಾತ್ರ ಮತ್ತೆ ತಟಸ್ಥ. ಆರು ತಿಂಗಳಲ್ಲಿ ಯಾಕೆ ಬದಲಾಯಿತು? ಮಾತುಕತೆಯೇ ದಾರಿ ಎಂದು ಕೊಟ್ಟ ಕಾರಣ ನನಗೆ ಸಾಲದು. ಮಕ್ಕಳು ಸಾಯುತ್ತಿರುವಾಗ ಮೊದಲು ಗುಂಡು ನಿಲ್ಲಬೇಕು, ಅಲ್ವಾ?

ಆಮೇಲೆ ಓಟಿನ ವಿವರಣೆ, ಅಂದರೆ ಹಾಗೆ ಯಾಕೆ ಓಟು ಹಾಕಿದೆವು ಎಂದು ಭಾರತ ಹೇಳಿದ್ದನ್ನು ಓದಿ. ವಿಶ್ವಸಂಸ್ಥೆಯಲ್ಲಿ ಭಾರತದ ಪರ ಕೆಲಸ ಮಾಡುವ, ನ್ಯೂಯಾರ್ಕಿನಲ್ಲಿರುವ ನಮ್ಮ ಕಾಯಂ ನಿಯೋಗದ ವೆಬ್‌ಸೈಟಿನಲ್ಲಿ ಹುಡುಕಿ. ಓದುವಾಗ ಒಂದು ಗಮನಿಸಿ: ಕೊಂದವರು ಯಾರು ಎಂದು ಹೇಳಿದ್ದಾರಾ? ಉಕ್ರೇನಿನ ಬುಚಾ ಪಟ್ಟಣದಲ್ಲಿ ನಡೆದ ನಾಗರಿಕರ ಕೊಲೆಗಳನ್ನು 2022ರ ಏಪ್ರಿಲಿನಲ್ಲಿ ಭಾರತ ಖಂಡಿಸಿತು, ಸ್ವತಂತ್ರ ತನಿಖೆಯನ್ನೂ ಬೆಂಬಲಿಸಿತು, ರಷ್ಯಾದ ಹೆಸರು ಮಾತ್ರ ಎತ್ತಲಿಲ್ಲ. ಖಂಡನೆ ಇದೆ, ಹೊಣೆ ಯಾರದು ಅನ್ನುವುದು ಇಲ್ಲ. ಈ ಕಣ್ಣಿಟ್ಟುಕೊಂಡು ಓದಿದರೆ ತುಂಬಾ ವಿಷಯ ಗೊತ್ತಾಗುತ್ತದೆ.

ಮಹಾಸಭೆಯ ಓಟು ಯಾರನ್ನೂ ಕಟ್ಟಿಹಾಕುವುದಿಲ್ಲ, ನೆನಪಿರಲಿ. ಕಟ್ಟಿಹಾಕುವ ಬಲ ಇರುವುದು ಭದ್ರತಾ ಮಂಡಳಿಗೆ, ಅಲ್ಲಿ ಐದು ದೇಶಗಳ ಕೈಲಿ ವೀಟೋ, ಅಂದರೆ ಒಬ್ಬರೇ ನಿರ್ಣಯ ತಡೆಯುವ ಅಧಿಕಾರ ಇದೆ.

ಇಷ್ಟು ಓದಿದ ಮೇಲೆ ಸುಮ್ನೆ ಇರಬೇಡಿ. ದಕ್ಷಿಣ ಕನ್ನಡದವರಾಗಲಿ, ಉಡುಪಿ ಚಿಕ್ಕಮಗಳೂರಿನವರಾಗಲಿ, ನಿಮ್ಮ ಸಂಸದರಿಗೆ ಪತ್ರ ಬರೆಯಿರಿ. ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳಿ ಎನ್ನಿ. ಅದಕ್ಕೆ ಮಂತ್ರಿ ಸದನದಲ್ಲೇ ಬಾಯಿಬಿಟ್ಟು ಉತ್ತರ ಕೊಡಬೇಕು, ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಇಲ್ಲದಿದ್ದರೆ ಬರೀ ಲಿಖಿತ ಉತ್ತರ. ಪತ್ರ ಉದ್ದ ಬೇಡ. 2024ರ ಡಿಸೆಂಬರಿನ ಓಟು, 2025ರ ಜೂನಿನ ಓಟು, ಎರಡರ ತಾರೀಖು ಬರೆದು, ನಡುವೆ ಏನು ಬದಲಾಯಿತು ಎಂದು ಒಂದೇ ಪ್ರಶ್ನೆ ಕೇಳಿ.