ಹಳೆಯ ಕನ್ನಡ ಪುಸ್ತಕವನ್ನು ವಿಕಿಸೋರ್ಸ್‌ನಲ್ಲಿ ಹಸಿರು ಮಾಡುವವರೆಗೆ

ವಿಕಿಸೋರ್ಸ್ ಎಂದರೆ ಓದುಗರೇ ಪುಸ್ತಕ ಸೇರಿಸಿ ತಿದ್ದುವ ಅಂತರಜಾಲದ ಉಚಿತ ಗ್ರಂಥಾಲಯ. ಅಲ್ಲಿ ಒಬ್ಬರು ತಿದ್ದಿ, ಇನ್ನೊಬ್ಬರು ಮತ್ತೆ ಓದಿ ಒಪ್ಪಿದ ಪುಟ ಹಸಿರಾಗುತ್ತದೆ. ಪುಸ್ತಕ ಸ್ಕ್ಯಾನ್ ಮಾಡಿ ಏರಿಸುವವರು ಸಿಗುತ್ತಾರೆ. ಕರಡು ತಿದ್ದುವವರು ಕಡಿಮೆ, ತಿದ್ದಿದ್ದನ್ನು ಮತ್ತೊಮ್ಮೆ ಓದುವವರು ಇನ್ನೂ ಕಡಿಮೆ. ಆದ್ದರಿಂದ ಕೆಲಸವನ್ನು ಕೊನೆಯಿಂದ ಲೆಕ್ಕ ಹಾಕಿ: ಎರಡನೇ ಓದಿಗೆ ಯಾರಿದ್ದಾರೆ? ಮೂವರ ತಂಡಕ್ಕೆ 60–80 ಪುಟದ ಒಂದು ಪುಸ್ತಕ ಸಾಕು. 400 ಪುಟದ ಕಾದಂಬರಿಗೆ ಮೊದಲೇ ಕೈಹಾಕಿದರೆ ಅದು ಮಧ್ಯದಲ್ಲೇ ನಿಲ್ಲುತ್ತದೆ.

ಮೊದಲ ಪ್ರಶ್ನೆ ಹಕ್ಕಿನದು. ಭಾರತದ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿ 1ರಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ. ಅವರ ಜೀವಿತಕಾಲದಲ್ಲಿ ಅಚ್ಚಾದದ್ದೆಲ್ಲ 2007ರಿಂದ ಮುಕ್ತ. ಕುವೆಂಪು 1994; ಅವರ ಪುಸ್ತಕಗಳಿಗೆ 2055ರವರೆಗೆ ಕಾಯಬೇಕು. ಮರಣಾನಂತರ ಮೊದಲ ಬಾರಿಗೆ ಅಚ್ಚಾದ ಕೃತಿಗೆ ಲೆಕ್ಕ ಪ್ರಕಟಣೆಯ ವರ್ಷದಿಂದ. ಹೆಚ್ಚಿನವರು ಎಡವುವುದು ಮುನ್ನುಡಿಯಲ್ಲಿ. ಮೂಲ ಲೇಖಕರ ಹಕ್ಕು ಮುಗಿದಿದ್ದರೂ 1980ರ ಮರುಮುದ್ರಣದ ಸಂಪಾದಕರ ಮಾತು, ಟಿಪ್ಪಣಿ, ಮುಖಪುಟದ ಚಿತ್ರಕ್ಕೆ ಬೇರೆ ಹಕ್ಕು ಇರುತ್ತದೆ. ಸಾಧ್ಯವಾದರೆ ಹಳೆಯ ಮುದ್ರಣವನ್ನೇ ಹುಡುಕಿ. ಕಡತ ಹೋಗಿ ಸೇರುವ ವಿಕಿಮೀಡಿಯ ಕಾಮನ್ಸ್ ಅಮೆರಿಕದ ಕಾನೂನನ್ನೂ ನೋಡುವುದರಿಂದ, ಪ್ರಕಟವಾಗಿ 95 ವರ್ಷ ದಾಟಿದ ಪ್ರತಿಯಾದರೆ ಆ ಕಡೆಯಿಂದ ತಕರಾರಿಲ್ಲ. ಹಕ್ಕು ಮುಗಿಯದಿದ್ದರೂ, ಕೃತಿಯನ್ನು ಎಲ್ಲರ ಬಳಕೆಗೆ ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಹಕ್ಕುದಾರರೇ ಕೊಡಬಹುದು. ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶ ಬಂದದ್ದು ಹೀಗೆಯೇ. ಆದರೆ ಬಾಯಿಮಾತು ಸಾಲದು, ವಿಕಿಮೀಡಿಯದ ಅನುಮತಿ ತಂಡಕ್ಕೆ ಅವರೇ ಲಿಖಿತ ಇಮೇಲ್ ಕಳಿಸಬೇಕು. ‘ವಾಣಿಜ್ಯ ಬಳಕೆಗಲ್ಲ’ ಎಂಬ ಷರತ್ತಿದ್ದರೆ ಅಲ್ಲಿ ಸ್ವೀಕರಿಸುವುದಿಲ್ಲ.

ಸ್ಕ್ಯಾನ್ ಕನಿಷ್ಠ 300 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಇರಲಿ. ಒತ್ತಕ್ಷರಗಳು ಸಣ್ಣದಾಗಿದ್ದರೆ 400. ಖಾಲಿ ಪುಟಗಳನ್ನೂ ಬಿಡಬೇಡಿ. ನಡುವೆ ಒಂದು ಪುಟ ತಪ್ಪಿದ್ದು ಆಮೇಲೆ ಗೊತ್ತಾದರೆ, ಅದನ್ನು ಸೇರಿಸಿದಾಗ ಮುಂದಿನ ಎಲ್ಲ ಪುಟಗಳ ಪಠ್ಯವೂ ಒಂದೊಂದು ಮನೆ ಸರಿದು, ಚಿತ್ರವೇ ಬೇರೆ ಅಕ್ಷರವೇ ಬೇರೆ ಆಗುತ್ತದೆ. ಏರಿಸುವ ಮುನ್ನವೇ ಪುಟಸಂಖ್ಯೆ ಎಣಿಸಿಬಿಡಿ. ಪಿಡಿಎಫ್ ಕಾಮನ್ಸ್‌ಗೆ ಹೋದ ಮೇಲೆ, ಕಡತದ ಹೆಸರನ್ನು ಅಕ್ಷರಶಃ ಹಾಗೆಯೇ ಇಟ್ಟುಕೊಂಡು ವಿಕಿಸೋರ್ಸ್‌ನಲ್ಲಿ ಪರಿವಿಡಿ ಪುಟ (ಸ್ಕ್ಯಾನಿನ ಎಲ್ಲ ಪುಟಗಳ ಪಟ್ಟಿ) ತೆರೆಯಿರಿ. ಪ್ರತಿ ಪುಟ ತೆರೆದು ಓಸಿಆರ್ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶ) ಗುಂಡಿ ಒತ್ತಿದರೆ ಪಠ್ಯ ಬರುತ್ತದೆ.

ಅಸಲಿ ಕೆಲಸ ಶುರುವಾಗುವುದು ಇಲ್ಲಿ. ಓಸಿಆರ್ ದ–ಧ, ಪ–ಷ, ವ–ಮ ಬೆರೆಸುತ್ತದೆ. ಅವು ಕಣ್ಣಿಗೆ ಬೀಳುತ್ತವೆ. ಕಾಣದೇ ಕಾಡುವುದು ಸೊನ್ನೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ೦ ಕೂತಿದ್ದರೆ ಪುಟದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಆದರೆ ‘ಕಂಬ’ ಎಂದು ಹುಡುಕಿದರೆ ಆ ಪದ ಸಿಗುವುದೇ ಇಲ್ಲ. ಅರ್ಕಾವೊತ್ತು ೯ ಆಗಿ ‘ಸೂರ್ಯ’ ‘ಸೂಯ೯’ ಆಗುವುದೂ ಇದೇ ಜಾತಿ. ಒಂದೇ ಏಟಿಗೆ ಎಲ್ಲ ೦ಗಳನ್ನು ಬದಲಾಯಿಸಲು ಹೋಗಬೇಡಿ, ೧೯೨೦ರಂಥ ಇಸವಿಗಳು ಕೆಡುತ್ತವೆ. ಅಕ್ಷರದ ಬೆನ್ನಿಗಿರುವ ಅಂಕಿಯನ್ನು ಮಾತ್ರ ಬದಲಿಸಿ. ‘ಕೋರ್ಟ್‌ನಲ್ಲಿ’ ಎಂಬಲ್ಲಿನ ಕಾಣದ ವಿಭಜಕ ಅಳಿಸಿಹೋದರೆ ಟ್‌ಗೆ ನಕಾರದ ಒತ್ತು ಬಂದು ಬೀಳುತ್ತದೆ. ಱ, ೞ ಇರುವ ಹಳಗನ್ನಡ ಪದ್ಯವನ್ನು ಓಸಿಆರ್ ನಂಬಿ ಬಿಡಲೇಬಾರದು.

ಕಾಗುಣಿತವನ್ನು ಇಂದಿನದಕ್ಕೆ ತಿದ್ದಬೇಡಿ. ಪುಸ್ತಕದಲ್ಲಿ ‘ಮಾಡಿದುದು’ ಎಂದಿದ್ದರೆ ಹಾಗೆಯೇ ಇರಲಿ. ಸ್ಪಷ್ಟ ಅಚ್ಚಿನ ತಪ್ಪಿದ್ದರೂ ಮೂಲವನ್ನು ಉಳಿಸಿ ಗುರುತು ಹಾಕಿ. ಚೆನ್ನಾಗಿ ಕನ್ನಡ ಬಲ್ಲವರಿಗೇ ಈ ನಿಯಮ ಪಾಲಿಸುವುದು ಕಷ್ಟ, ಅವರ ಕೈ ಸುಮ್ಮನಿರುವುದಿಲ್ಲ! ಗದ್ಯದಲ್ಲಿ ಸಾಲುಗಳನ್ನು ಜೋಡಿಸಿ, ಪದ್ಯದಲ್ಲಿ ಬಿಡಿಯಾಗಿಡಿ. ಪುಟದ ತಲೆಬರಹ, ಪುಟಸಂಖ್ಯೆಗೆ ಮೇಲೆ ಕೆಳಗೆ ಬೇರೆ ಪೆಟ್ಟಿಗೆಗಳಿವೆ; ಅಲ್ಲಿ ಹಾಕದಿದ್ದರೆ ಅವು ಅಧ್ಯಾಯದ ವಾಕ್ಯಗಳ ನಡುವೆ ನುಸುಳುತ್ತವೆ.

ಉಳಿಸುವಾಗ ಬಣ್ಣ ಆರಿಸಬೇಕು. ಖಾಲಿ ಪುಟ ಬೂದು, ಇನ್ನೂ ತಿದ್ದದಿರುವುದು ಕೆಂಪು, ಅಕ್ಷರ ಮಾಸಿಹೋದದ್ದೋ ಕೋಷ್ಟಕ ಉಳಿದದ್ದೋ ನೀಲಿ, ತಿದ್ದಿ ಮುಗಿದದ್ದು ಹಳದಿ. ಹಳದಿ ಮಾಡಿದವರೇ ಹಸಿರು ಮಾಡಲು ತಂತ್ರಾಂಶ ಬಿಡುವುದಿಲ್ಲ. ಲಾಗಿನ್ ಆದ ಇನ್ನೊಬ್ಬರು ಬೇಕು. ಇದಕ್ಕಾಗಿ ಎರಡು ಖಾತೆ ತೆರೆಯುವುದು ಮೋಸ, ಸಿಕ್ಕಿಬಿದ್ದರೆ ನಿರ್ಬಂಧ. ತಂಡದಲ್ಲಿ ಸಮ–ಬೆಸ ಪುಟ ಹಂಚಿಕೊಂಡು, ಹತ್ತು ಪುಟ ಹಳದಿಯಾದ ಕೂಡಲೇ ಅದಲುಬದಲು ಮಾಡಿಕೊಳ್ಳಿ. ಪೂರ್ತಿ ಪುಸ್ತಕ ಹಳದಿಯಾಗಲಿ ಎಂದು ಕಾದರೆ ಅಷ್ಟರಲ್ಲಿ ಎರಡನೇ ಓದುಗರ ಉತ್ಸಾಹ ಇಳಿದಿರುತ್ತದೆ. ಸ್ಪರ್ಧೆ ಇಟ್ಟು ಪುಟಕ್ಕೊಂದು ಅಂಕ ಕೊಡುವುದಾದರೆ ಹಸಿರಿಗೂ ಅಂಕವಿರಲಿ, ಜೊತೆಗೆ ಅಲ್ಲೊಂದು ಇಲ್ಲೊಂದು ಪುಟ ಪರೀಕ್ಷಿಸಿ. ಇಲ್ಲದಿದ್ದರೆ ಓದದೆಯೇ ಗುಂಡಿ ಒತ್ತುತ್ತಾರೆ.

ಕೊನೆಗೆ ಪರಿವಿಡಿಯ ಹೆಸರು, ಮೊದಲ ಪುಟ, ಕೊನೆಯ ಪುಟ ಕೊಟ್ಟು ಅಧ್ಯಾಯಗಳನ್ನು ಕೂಡಿಸಿ. ಇಲ್ಲಿ ಕೊಡಬೇಕಾದ್ದು ಅಚ್ಚಾದ ಪುಟಸಂಖ್ಯೆಯಲ್ಲ, ಕಡತದ ಪುಟಸಂಖ್ಯೆ. ಇಪಬ್ (ಇ-ಪುಸ್ತಕದ ಕಡತ) ಇಳಿಸಿ ಒಮ್ಮೆ ಮೊಬೈಲ್‌ನಲ್ಲಿ ತಿರುವಿ. ಹಕ್ಕು ಮುಗಿದ ಪಠ್ಯವನ್ನು ಯಾವ ಪ್ರಕಾಶಕರು ಬೇಕಾದರೂ ಅಚ್ಚು ಹಾಕಿ ಮಾರಬಹುದು, ಅದಕ್ಕೆ ಬೇಸರ ಬೇಡ. ಆಮೇಲೆ ಓದುಗರು ತಪ್ಪು ತೋರಿಸಿದರೆ ತಿದ್ದಬೇಕಾದ್ದು ಸ್ಕ್ಯಾನ್ ಚಿತ್ರದ ಪಕ್ಕ ಪಠ್ಯವಿರುವ ಮೂಲ ಪುಟದಲ್ಲಿ. ಅಧ್ಯಾಯದ ಪುಟವನ್ನು ತಿದ್ದಲು ತೆರೆದರೆ ಅಲ್ಲಿ ಪಠ್ಯವೇ ಇರುವುದಿಲ್ಲ.