ನಕ್ಷೆಯ ಚೀಟಿಗೆ ಕೊಂಡಿ ಹಾಕುವುದು ಹೇಗೆ?

ಡೊಂಬಿವಲಿಯ ಕನ್ನಡ ಸಂಘವೊಂದರಲ್ಲಿ ಯುವಕನೊಬ್ಬ ಮುಂಬೈ ರೈಲಿನ ಕತೆ ಹೇಳುತ್ತಿದ್ದ. ಪರದೆಯ ಮೇಲೆ ಪವರ್‌ಪಾಯಿಂಟಿನ ನಕ್ಷೆ, ನಿಲ್ದಾಣಕ್ಕೊಂದು ಚೀಟಿ, ಚೀಟಿಗೊಂದು ಕೊಂಡಿ (ಲಿಂಕ್). ಬೋರಿ ಬಂದರಿನ ಚೀಟಿ ಒತ್ತಿದರೆ, 1853ರ ಏಪ್ರಿಲ್ 16ರಂದು ಅಲ್ಲಿಂದ ಠಾಣೆಗೆ ಹೊರಟ ರೈಲಿನ ಪುಟ ತೆರೆಯಬೇಕು. ಒತ್ತಿದ. ಬಂದದ್ದು ವಂದನಾರ್ಪಣೆ! ಮುಂದಿನ ಸಾಲಿನ ಹಿರಿಯರು ಕಾಫಿಗೆ ಎದ್ದೇಬಿಟ್ಟರು.

ಪವರ್‌ಪಾಯಿಂಟಿನಲ್ಲಿ ನಕ್ಷೆಯ ಚಿತ್ರ ಹಾಕಿ, ಅದರ ಮೇಲೆ ಚೌಕ ಎಳೆದು ಹೆಸರು ಬರೆಯುವುದು ಎಲ್ಲರಿಗೂ ಗೊತ್ತು; ಈ ಚೌಕವೇ ಚೀಟಿ. ಹೆಸರನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ಫಾಂಟುಗಳನ್ನು ನೆಚ್ಚಿಕೊಂಡರೆ, ಅವು ಇಲ್ಲದ ಸಭಾಂಗಣದ ಕಂಪ್ಯೂಟರಿನಲ್ಲಿ ‘ದಾದರ್’ ಹೋಗಿ ಚಿತ್ರಲಿಪಿ ಕಾಣಿಸುತ್ತದೆ.

ಎಡವುವುದು ಮುಂದೆ. ಹೆಸರು ಬರೆದು ಮುಗಿದಾಗ ಕರ್ಸರ್ ಚೌಕದೊಳಗೇ ಮಿಣುಕುತ್ತಿರುತ್ತದೆ, ಅಂಚು ತುಂಡು ತುಂಡು ಗೆರೆಯಾಗಿರುತ್ತದೆ. ಹೆಚ್ಚಿನವರು ಇಲ್ಲೇ ಅಕ್ಷರಗಳ ಮೇಲೆ ಮೌಸ್ ಎಳೆದು ಕೊಂಡಿ ಹಾಕುತ್ತಾರೆ. ಆಗ ಅಕ್ಷರಗಳ ಬಣ್ಣ ಬದಲಾಗಿ ಅಡಿಗೆರೆ ಬೀಳುತ್ತದೆ; ಒತ್ತಿದ್ದು ಅಕ್ಷರದ ಮೇಲೆ ಬಿದ್ದರೆ ಸರಿ, ಚೌಕದ ಉಳಿದ ಜಾಗವೆಲ್ಲ ಜಡ. ಎಳೆಯಬೇಡಿ. ಎಸ್ಕೇಪ್ ಗುಂಡಿಯನ್ನು ಒಮ್ಮೆ ಒತ್ತಿ. ತುಂಡು ಗೆರೆ ಇಡೀ ಗೆರೆಯಾಗುತ್ತದೆ, ಅಂದರೆ ಈಗ ಆಯ್ಕೆಯಾಗಿರುವುದು ಚೌಕ. ಆಮೇಲೆ ಕಂಟ್ರೋಲ್ ಮತ್ತು ಕೆ ಗುಂಡಿಗಳನ್ನು ಒಟ್ಟಿಗೆ ಒತ್ತಿ. ತೆರೆಯುವ ಕಿಟಕಿಯ ಎಡಬದಿಯಲ್ಲಿ ‘ಪ್ಲೇಸ್ ಇನ್ ದಿಸ್ ಡಾಕ್ಯುಮೆಂಟ್’ ಆರಿಸಿ, ಬೇಕಾದ ಪುಟ ತೋರಿಸಿ, ಓಕೆ ಒತ್ತಿ.

ನಕ್ಷೆಯ ಮೇಲಿನ ಸಪೂರ ಬಾಣಕ್ಕೆ ಕೊಂಡಿ ಹಾಕಿದರೆ ವೇದಿಕೆಯ ಮೇಲೆ ನಡುಗುವ ಕೈಗೆ ಅದು ಸಿಗುವುದಿಲ್ಲ. ಬಾಣದ ಮೇಲೊಂದು ದೊಡ್ಡ ಚೌಕ ಹೊದಿಸಿ ಕೊಂಡಿಯನ್ನು ಅದಕ್ಕೆ ಹಾಕಿ. ಚೌಕ ಕಾಣಬಾರದೆಂದು ‘ನೋ ಫಿಲ್’ ಮಾಡಬೇಡಿ, ಅದರ ಹೊಟ್ಟೆ ಒತ್ತಿದರೆ ಕೆಲಸ ಮಾಡುವುದಿಲ್ಲ. ಬಣ್ಣ ತುಂಬಿ, ಪಾರದರ್ಶಕತೆಯನ್ನು 100ಕ್ಕೆ ಏರಿಸಿ, ಅಂಚಿನ ಗೆರೆ ತೆಗೆಯಿರಿ.

ಆ ಯುವಕನ ಕೊಂಡಿ ಸರಿಯಾಗಿಯೇ ಇತ್ತು, ಒತ್ತಿದ್ದು ಕೂದಲೆಳೆಯಷ್ಟು ಆಚೆ. ಖಾಲಿ ಜಾಗದಲ್ಲಿ ಒತ್ತಿದರೆ ಮುಂದಿನ ಪುಟಕ್ಕೆ ಹಾರುವುದು ಪವರ್‌ಪಾಯಿಂಟಿನ ಹುಟ್ಟುಗುಣ. ನಕ್ಷೆಯ ಪುಟದಲ್ಲಿದ್ದಾಗ ‘ಟ್ರಾನ್ಸಿಷನ್ಸ್’ ತೆರೆದು, ಬಲತುದಿಯ ‘ಆನ್ ಮೌಸ್ ಕ್ಲಿಕ್’ ಎದುರಿನ ಗುರುತು ತೆಗೆದುಬಿಡಿ. ಕೀಲಿಮಣೆಯ ಬಾಣದ ಗುಂಡಿ ಆಗಲೂ ನಡೆಯುತ್ತದೆ.

ಮರಳಿ ಬರಲು ‘ನಕ್ಷೆಗೆ’ ಎಂಬ ಚೌಕವೊಂದನ್ನು ಮಾಡಿ, ಅದಕ್ಕೆ ನಕ್ಷೆಯ ಪುಟದ ಕೊಂಡಿ ಹಾಕಿ, ಎಲ್ಲ ಪುಟಗಳಿಗೂ ನಕಲಿಸಿ. ಕೊಂಡಿಯೂ ಜೊತೆಗೇ ಬರುತ್ತದೆ. ಎಫ್5 ಒತ್ತಿ ಪರೀಕ್ಷಿಸಿ.

ವಿಡಿಯೊ ಕಡತಕ್ಕೆ ಕೊಂಡಿ ಹಾಕುವುದಾದರೆ, ಹಾಕುವ ಮೊದಲೇ ಅದನ್ನೂ ಪವರ್‌ಪಾಯಿಂಟ್ ಕಡತವನ್ನೂ ಒಂದೇ ಫೋಲ್ಡರಿನಲ್ಲಿಡಿ. ಸಭಾಂಗಣಕ್ಕೆ ಇಡೀ ಫೋಲ್ಡರನ್ನೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಪವರ್‌ಪಾಯಿಂಟ್ ಕಡತವನ್ನಷ್ಟೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಅಲ್ಲಿ ವಿಡಿಯೊ ಬರಲಿಲ್ಲವೆಂದು ಪ್ರೊಜೆಕ್ಟರ್ ಹುಡುಗನನ್ನು ಬೈಯಬೇಡಿ.