ನೀರು ನುಗ್ಗಿದ ಆಫೀಸಲ್ಲಿ ಯಾವ ಫೈಲ್ ಮೊದ್ಲು ಎತ್ಬೇಕು – ನನ್ನ ಅನುಭವ

ನಮ್ಮದು ವಕೀಲರ ಆಫೀಸು, ಎರಡು ಸಲ ನೀರು ನುಗ್ಗಿದೆ. ಮೊದಲ್ನೇ ಸಲ ಮೊಣಕಾಲುದ್ದ, ಎರಡನೇ ಸಲ ಇನ್ನೂ ಜಾಸ್ತಿ, ಆದ್ರೂ ನಷ್ಟ ಎರಡನೇ ಸಲಾನೇ ಕಮ್ಮಿ.

ಮೊದಲ ಸಲ ನಾನು ಮಾಡಿದ ಪೆದ್ದು ಕೆಲ್ಸ ಅಂದ್ರೆ ಓಡ್ಹೋಗಿ ಲಾ ರಿಪೋರ್ಟ್‌ಗಳನ್ನ, ಅಂದ್ರೆ ಕೋರ್ಟ್ ತೀರ್ಪುಗಳ ಪುಸ್ತಕಗಳನ್ನ, ಎತ್ತಿದ್ದು. ದಪ್ಪ ಬೈಂಡು, ಸಾಲಾಗಿ ಜೋಡಿಸಿದ್ರೆ ನೋಡೋಕೆ ಗತ್ತು, ಆದ್ರೆ ಅವೆಲ್ಲ ಆನ್‌ಲೈನಲ್ಲೇ ಸಿಗ್ತವೆ. ಅದೇ ಹೊತ್ತಿಗೆ ಕೆಳಗಿನ ಡ್ರಾಯರಲ್ಲಿ ಒಬ್ಬ ಕಕ್ಷಿದಾರರ ಒರಿಜಿನಲ್ ವಿಲ್ ನೆನೀತಾ ಇತ್ತು. ಲೇಸರ್ ಪ್ರಿಂಟು ಹಾಗೇ ಇದೆ, ಸಾಕ್ಷಿಗಳ ಬಾಲ್‌ಪೆನ್ ಸಹಿನೂ ಇದೆ, ವಿಲ್ ಬರೆಸಿದವರದ್ದು ಫೌಂಟನ್ ಪೆನ್ನು, ಅದು ಮಾತ್ರ ನೀಲಿ ಕಲೆ ಆಗ್ಹೋಗಿತ್ತು. ಪುಣ್ಯಕ್ಕೆ ಅವರು ಬದುಕಿದ್ರು, ಹೊಸದು ಬರ್ಸಿದ್ವಿ. ಇಲ್ದಿದ್ರೆ ವಾರಸುದಾರರ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲೋದು.

ಅವತ್ತಿಂದ ಪ್ರತಿ ಕಾಗದಕ್ಕೂ ಒಂದೇ ಪ್ರಶ್ನೆ, ಇದು ಹೋದ್ರೆ ಮತ್ತೆ ಸಿಗುತ್ತಾ? ಕೋರ್ಟಿಗೆ ಹಾಕಿರೋ ಪ್ಲೀಡಿಂಗು (ದಾವೆ, ಅದಕ್ಕೆ ಕೊಟ್ಟ ಉತ್ತರ), ಆರ್ಡರು, ಇವಕ್ಕೆ ಸರ್ಟಿಫೈಡ್ ಕಾಪಿ ಸಿಗುತ್ತೆ, ರಿಜಿಸ್ಟರ್ ಆದ ಪತ್ರಕ್ಕೂ ನಕಲು ಸಿಗುತ್ತೆ. ಸಿಗದೇ ಇರೋದು ರಿಜಿಸ್ಟರ್ ಆಗದ ವಿಲ್ಲು, ಪ್ರೋನೋಟು (ಸಾಲ ತೀರಿಸ್ತೀನಿ ಅಂತ ಬರೆದುಕೊಟ್ಟ ಚೀಟಿ), ಕೈಬರಹದ ಕರಾರು, ಇನ್ನೂ ಕೋರ್ಟಿಗೆ ಹಾಜರು ಮಾಡದ ಒರಿಜಿನಲ್‌ಗಳು. ಇವಕ್ಕೆ ಕೆಂಪು ಟೇಪಿನ ಎರಡು ಡಬ್ಬ ಮಾಡಿ, ಒಂದೊಂದನ್ನೂ ಸ್ಕ್ಯಾನ್ ಮಾಡಿ ಜಿಪ್ ಕವರಿಗೆ ಹಾಕಿ ಮೇಲಿನ ಶೆಲ್ಫಿಗೆ ಏರ್ಸಿದೆ, ಯಾರಿದ್ರೂ ಮೊದ್ಲು ಆ ಡಬ್ಬ ಎತ್ಕೊಂಡು ಹೊರಗೆ ಹೋಗೋದು ಅಂತ ಜೂನಿಯರ್‌ಗಳಿಗೆ ಹೇಳಿಟ್ಟೆ. ಎಲ್ಲಾ ರ‍್ಯಾಕಿನ ಕೆಳಗಿನ ತಟ್ಟೆ ಖಾಲಿ. ಬ್ಯಾಕಪ್ಪಿನ ಒಂದು ಕಾಪಿ ಬೇರೆ ಕಟ್ಟಡದಲ್ಲಿ. ಕೇಸುಗಳ ವಿಚಾರಣೆ ಡೇಟ್‌ಗಳು, ಲಿಮಿಟೇಶನ್ (ಕೇಸು, ಅಪೀಲು ಹಾಕೋಕೆ ಕಾನೂನು ಕೊಟ್ಟ ಗಡುವು) ಮುಗಿಯೋ ದಿನಗಳು, ಕಕ್ಷಿದಾರರ ನಂಬರು, ಇಷ್ಟು ಫೋನಲ್ಲೂ ಇದೆ, ಪ್ರಿಂಟು ತೆಗ್ದು ಮನೇಲೂ ಇದೆ, ಯಾಕಂದ್ರೆ ಫೈಲ್ ನೆಂದ್ರೆ ಒಣಗಿಸ್ಬೋದು, ಅಪೀಲಿನ ಲಿಮಿಟೇಶನ್ ಮುಗಿದ್ರೆ ತಡ ಮನ್ನಿಸಿ ಅಂತ ಅರ್ಜಿ ಹಾಕಿ ಕೈಕಟ್ಟಿ ನಿಲ್ಬೇಕು.

ನೀರು ಇಳಿದ್ಮೇಲೆ ಮೊದ್ಲು ಮೇನ್ ಸ್ವಿಚ್ ಆಫ್ ಆಗಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡ್ಸಿ, ಆಮೇಲೆ ಒಳಗೆ. ಏನನ್ನೂ ಮುಟ್ಟೋ ಮುಂಚೆ ಫೋಟೋ, ವಿಡಿಯೋ, ಇನ್ಶೂರೆನ್ಸಿಗೆ. ಗ್ಲೌಸು, ಮಾಸ್ಕು ಬೇಕೇ ಬೇಕು, ಬರೋದು ಬರೀ ಮಳೆನೀರಲ್ಲ, ಚರಂಡಿನೂ ಸೇರಿರುತ್ತೆ.

ಕಾಗದದ ವಿಷ್ಯ ನಂಗೆ ಗೊತ್ತೇ ಇರ್ಲಿಲ್ಲ. ನೆಂದ ಫೈಲುಗಳು ಉಬ್ಬಿ ರ‍್ಯಾಕಲ್ಲಿ ಬಿಗಿದ್ಕೊಂಡ್ಬಿಡ್ತವೆ, ಎಳೆದ್ರೆ ಹರೀತವೆ. 48 ಗಂಟೆಯೊಳಗೆ ಬೂಷ್ಟು ಶುರು ಆಗ್ಬೋದು, ಅಷ್ಟರಲ್ಲಿ ಸಾವಿರಾರು ಹಾಳೆ ಯಾರು ಒಣಗಿಸ್ತಾರೆ? ಅದಕ್ಕೆ ಫ್ರೀಜರ್. ಹಾಳೆ ಬಿಡಿಸೋಕೆ ಹೋಗ್ದೆ, ಮೇಲಿನ ಕೆಸರು ಮೆಲ್ಲಗೆ ತೊಳ್ದು, ಸಣ್ಣ ಸಣ್ಣ ಕಟ್ಟು ಮಾಡಿ ಕವರಲ್ಲಿ ಸುತ್ತಿ, ಮೈನಸ್ 18 ಡಿಗ್ರೀಲಿ ಇಟ್ರೆ ಬೂಷ್ಟು ಅಲ್ಲಿಗೇ ನಿಲ್ಲುತ್ತೆ, ಸಾಯಲ್ಲ, ನಿಲ್ಲುತ್ತೆ ಅಷ್ಟೆ. ಆಮೇಲೆ ಒಂದೊಂದೇ ಕಟ್ಟು ತೆಗ್ದು ಫ್ಯಾನ್ ಗಾಳೀಲಿ, ಮಧ್ಯೆ ಒತ್ತುಕಾಗದ ಇಟ್ಟು ಒಣಗ್ಸಿದ್ವಿ. ಬಿಸಿಲಿಗೆ ಹಾಕಿದ್ದು, ಇಸ್ತ್ರಿ ಹೊಡೆದಿದ್ದು ಎಲ್ಲಾ ಮೊದಲ ಸಲದ ಸಾಹಸ, ಸೊಟ್ಟಗಾದ ಹಪ್ಪಳ ಆಗಿದ್ವು.

ಹಾರ್ಡ್ ಡಿಸ್ಕು ನೆಂದ್ರೆ ಒಣಗ್ಸಿ ಆನ್ ಮಾಡ್ಬೇಡಿ. ನಮ್ಮ ಜೂನಿಯರ್ ಮಾಡ್ದ, ಟಕ್ ಟಕ್ ಅಂತು, ಮುಗೀತು. ಒದ್ದೆ ಇದ್ದಂಗೇ ಕವರಿಗೆ ಹಾಕಿ ರಿಕವರಿ ಮಾಡೋರಿಗೆ ಕೊಡ್ಬೇಕಿತ್ತು.

ಹಾಳಾದ ಫೈಲನ್ನ ಕಸಕ್ಕೆ ಎಸೆಯೋ ಹಾಗಿಲ್ಲ, ಒಳಗಿರೋದು ಬೇರೆಯವರ ಗುಟ್ಟು. ಪಟ್ಟಿ ಮಾಡಿ, ಕಕ್ಷಿದಾರರಿಗೆ ನಾವೇ ಫೋನ್ ಮಾಡಿ ಹೇಳಿ, ಒಪ್ಪಿದ್ಮೇಲೆ ನಾಶ. ಫೋನ್ ಮಾಡೋದೇ ಎಲ್ಲಕ್ಕಿಂತ ಕಷ್ಟ, ಒಬ್ರು ಬೈದ್ರು, ಉಳಿದೋರು ಹೆಚ್ಚಿನವರು ನಿಮ್ಮನೆ ಹೇಗಿದೆ ಅಂತ ಕೇಳಿದ್ರು.

ಫ್ರೀಜರಿಂದ ಕೊನೇ ಕಟ್ಟು ಹೊರಗೆ ಬಂದಿದ್ದು ಐದು ತಿಂಗಳಾದ್ಮೇಲೆ. ಅಷ್ಟೊತ್ತಿಗೆ ಆ ಕೇಸು ರಾಜಿ ಆಗಿ ಮುಗಿದೇ ಹೋಗಿತ್ತು.